ಬೀಳೂ ವಿದ್ಯಾ

ಗದಗ ರೋಡಿನ ರೈಲ್ವೆ ಇನ್‌ಸ್ಟಿಟ್ಯೂಟಿನ ಅಂಗಳದಾಗ
ತಿಂಗಳಿಗೊಮ್ಮೆ ಬಿಳೇ ಪರದೆ ಕಟ್ಟತಿದ್ರು.
ಗಾಳಿ ಬಂತಂದ್ರ ಹೀರೋನ ಹೊಟ್ಟಿ ಉಬ್ಬತಿತ್ತು,
ಹೀರೋಯಿನ್ ಗಲ್ಲದ ಮ್ಯಾಲೆ ಹಲ್ಲಿ ಹರದಾಡತಿತ್ತು.

ಬಾಯ್ಲರ್ ಶಾಪಿನವರು ಕಡೀ ಸಾಲಿನಾಗ. ಕಿವಿ ಹೋದವರು.
ರಿವೆಟ್ ಬಡದು ಬಡದು ಇಪ್ಪತ್ತು ವರ್ಷಕ್ಕ
ಹುಬ್ಬಳ್ಳಿಯಂಥಾ ಹುಬ್ಬಳ್ಳಿ ಅವರಿಗೆ
ಒಂದ ಸಮ ಗುಂಯ್ ಅಂತಿತ್ತು, ಅಷ್ಟ.
ಪರದೆ ಮ್ಯಾಲೆ ಯಾರರ ಹತ್ತು ನಿಮಿಷ ಮಾತಾಡಿ ಅತ್ತರ
ಅಪ್ಪ ನನ್ನ ಭುಜಾ ತಿವೀತಿದ್ದ:
'ಏನಾತು? ಯಾರ ಸತ್ರು?'
ನಾ ಕೈ ಮಾಡಿ ಹೇಳೂದರಾಗ ಕಥಿ ಮುಂದ ಹೋಗಿರತಿತ್ತು,
ತಪ್ಪಿದ ಪ್ಯಾಸೆಂಜರ್ ಗಾಡಿ ಹಂಗ.

ಒಂದು ಶನಿವಾರ ದಾವಲಸಾಬನ ಸ್ಪೀಕರ್ ಕೆಟ್ಟಿತು.
ತಟ್ಟಿದಾ, ಊದಿದಾ, ಬೈದಾ.
ಮುಂದಿನ ಸಾಲಿನ ಕ್ಲರ್ಕ್ ಮಂದಿ ಸೀಟಿ ಹೊಡದ್ರು.
ಕಡೀಕೆ ಪೆಟಿಗಿ ತಳದಾಗಿನ ಯಾವುದೋ ಹಳೇ ರೀಲು,
ಹೆಸರಿನ ಚೀಟಿ ಗೆದ್ದಲ ತಿಂದದ್ದು,
ಏರಿಸಿಬಿಟ್ಟ.

ಬಂದ ನೋಡ್ರಿ ಒಬ್ಬ ಸಣಕಲ ಮನಷ್ಯಾ.
ಸುಣ್ಣಾ ಬಳದಂಥಾ ಮಾರಿ, ಅಳತಿ ತಪ್ಪಿದ ಕೋಟು,
ಬಗಲಾಗೊಂದು ಕೋಳಿ.
ಯಾರ ಕೋಳಿ, ಯಾಕ, ಗೊತ್ತಿಲ್ಲ.
ಬೆನ್ನ ಹಿಂದ ಇಪ್ಪತ್ತು ಮಂದಿ ಬ್ಯಾಂಡಿನವರು
ತುತ್ತೂರಿ ಎತ್ತಿಕೊಂಡು ಹೊಡ್ಯಾಕ ಓಡಿ ಬರತಾರ,
ಡೋಲಿನಾಂವ ಓಡತ ಓಡತ ಡೋಲ ಬಡೀತಾನ,
ಸಪ್ಪಳಿಲ್ಲ!
ನಿಚ್ಚಣಿಕಿ ಹತ್ತಿದಾ. ನಿಚ್ಚಣಿಕಿ ಆನಿಸಿದ್ದು ಹುಲ್ಲಿನ ಚಕ್ಕಡಿಗೆ,
ಚಕ್ಕಡಿ ಹೊಂಟ್ತು.
ಮ್ಯಾಲಿಂದ ಅಂಗಡಿ ತಗಡಿನ ಮ್ಯಾಲೆ, ತಗಡಿನಿಂದ ಹಿಟ್ಟಿನ ಮೂಟಿ ಮ್ಯಾಲೆ,
ಅಲ್ಲಿಂದ ನೆಲಕ್ಕ.
ಎದ್ದಾ. ಟೊಪ್ಪಿಗಿ ಹುಡಕಲಿಲ್ಲ.
ಕೋಳಿ ನೋಡಿದಾ.

ಆವತ್ತು ಕಡೀ ಸಾಲು ಮೊದಲ ನಕ್ಕಿತು.
ತಮ್ಮ ನಗಿ ತಮಗ ಕೇಳದವರ ನಗಿ ಅದು,
ಬ್ರೇಕ್ ಇರಲಿಲ್ಲ.
ಮುಂದಿನವರು ತಿರುಗಿ ತಿರುಗಿ ನೋಡಿದ್ರು.

ಅಪ್ಪ ಒಬ್ಬಾಂವ ನಗಲಿಲ್ಲ.
ಕೆಂಪಗ ಕಾಯ್ದ ರಿವೆಟ್ ನೋಡೂ ಹಂಗ ಮುಂದ ಬಾಗಿ ಕುಂತಿದ್ದ.
'ಮೊಣಕಾಲ ಮೊದಲ ಸಡಲ ಬಿಟ್ಟಾ ನೋಡು!' ಒದರಿದಾ,
'ಆಮ್ಯಾಲೆ ಭುಜಾ. ತಲಿ ಎದಿಯೊಳಗ.
ನೆಲಾ ಖರೇ ಐತಿ, ಎಲಬೂ ಖರೇ ಅದಾವು.
ಇಂವಗ ಯಾರೋ ಕಲಿಸ್ಯಾರ. ಇಲ್ಲಾ ಹಸಿವಿ ಕಲಿಸೇತಿ.'
ಅಪ್ಪ ಬಾಯ್ಲರ್ ಮ್ಯಾಲಿಂದ ಬಿದ್ದಾಗ ಯಾರೂ ಕಲಿಸಿದ್ದಿಲ್ಲ.
ಅಂಗಿಯ ಎಡಗೈ ತೋಳು ಇನ್ನೂ ಅವ್ವನ ಏರಿಸತಿದ್ಲು.

ರೀಲು ಅರ್ಧಕ್ಕ ಸುಟ್ಟು ಹರೀತು.
ಬ್ಯಾಂಡಿನವರ ಕೈಯಾಗ ಅಂವ ಸಿಕ್ಕನೋ ಇಲ್ಲೋ.
'ಸಿಕ್ಕಿರೂದಿಲ್ಲ,' ಅಂದ ಅಪ್ಪ, ಕೇಳಿದವರಿಗೂ ಕೇಳದವರಿಗೂ.

ಐತವಾರ ಕ್ವಾರ್ಟರ್ಸಿನ ಹಿತ್ತಲದಾಗ
ಹೊಟ್ಟಿನ ಚೀಲಾ ಹಾಸಿ, ನಮ್ಮ ಮೂರೂ ಮಂದಿನ್ನ
ಸ್ಟೂಲಿನ ಮ್ಯಾಲಿಂದ ಕೆಡವಿದಾ.
'ಗಂಗಪ್ಪಗ ತಲಿ ಕೆಟ್ಟೈತಿ,' ಅಂದ್ಲು ಬಾಜೂ ಮನಿ ಸಾಂತವ್ವ.
'ಬಿದ್ದಾಗ ನಗಬ್ಯಾಡ್ರಿ,' ಅಂತಿದ್ದ,
'ಅಳಲೂ ಬ್ಯಾಡ್ರಿ. ನಗೂ ಕೆಲಸ ಮಂದೀದು.
ನೀವು ಧೂಳ ಝಾಡಿಸ್ರಿ, ಕೋಳಿ ನೋಡ್ರಿ.'
'ನಮ್ಮ ಕಡೆ ಕೋಳಿ ಎಲ್ಲೈತಿ?' ಸಣ್ಣ ತಮ್ಮನ ಪ್ರಶ್ನಿ
ಅಪ್ಪನ ಕಿವಿಗೆ ಬೀಳಲಿಲ್ಲ.

ಹೋದ ವರ್ಷ, ದುರ್ಗದ ಬೈಲಿನಾಗ,
ಅರವತ್ತೆರಡರ ನಾನು
ಕೊತ್ತಂಬರಿ ಕಡ್ಡಿ ಮ್ಯಾಲೆ ಕಾಲಿಟ್ಟೆ.
ಮೊಣಕಾಲ ತಾನ ಸಡಲಾತು. ಭುಜಾ. ತಲಿ ಎದಿಯೊಳಗ.
ಆಟೋದ ಹಾರ್ನ್, ಟೊಮ್ಯಾಟೊ ಕೂಗು, ಗಿರಮಿಟ್ಟಿನ ಸೌಟು,
ಎಲ್ಲಾ ಒಂದು ಗಳಿಗಿ ಬಂದಾತು.
ಹೂವಿನ ಹುಡುಗಿ ಮೊದಲ ಗಾಬರಿಯಾದ್ಲು,
ಆಮ್ಯಾಲೆ ತಡಕೊಳ್ಳಾಕ ಆಗಲಿಲ್ಲ ಆಕಿಗೆ.

ನಾ ಎದ್ದೆ, ಸೆರಗು ಝಾಡಿಸಿದೆ,
ಚೀಲದಾಗಿನ ತತ್ತಿ ಎಣಿಸಿದೆ.
ಹನ್ನೊಂದು.